ದೊಡ್ಡ ಕ್ಯಾಮೆರಾ ಕಂಡದ್ದು, ಸಣ್ಣ ಕ್ಯಾಮೆರಾ ಕಂಡದ್ದು

ಮೈಸೂರು

ಸುದ್ದಿ ಬಂದಾಗ ನಾನು ಅವರೆಕಾಳು ಹಿತಕುತ್ತಾ ಕೂತಿದ್ದೆ. ನೆನೆದ ಕಾಳು, ಕೈತುಂಬ ಲೋಳೆ. ಒತ್ತಿದರೆ ಬೇಳೆ ಪಾತ್ರೆಗೆ ಬೀಳುವ ಬದಲು ಗೋಡೆಗೆ ಹಾರುತ್ತಿತ್ತು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ನಮ್ಮ ಯಜಮಾನರು ತಂದು ನನ್ನ ಕಿವಿಗೆ ಹಿಡಿದರು. ಎರಡು ಬೀದಿ ಆಚೆ ಇರುವ ನನ್ನ ಅಕ್ಕ, ಪದ್ಮಕ್ಕ, ಆಸ್ಪತ್ರೆಯಿಂದ ಮಾತಾಡುತ್ತಿದ್ದಳು.

"ಸರಸೂ, ರಂಗೋಲಿ ಬಿಟ್ಟು ಏಳ್ತಿದ್ದೆ ಕಣೇ. ಬಾಗಿಲಿಗೆ ಹಾಕಿದ ನೀರಲ್ಲೇ ಜಾರಿದೆ. ಪಾದದ ಹತ್ರ ಮೂಳೆ ಮುರಿದಿದೆಯಂತೆ. ರಾಡ್ ಹಾಕ್ತಾರಂತೆ."

"ಅಯ್ಯೋ ದೇವರೇ! ತುಂಬಾ ನೋವಾ?"

"ನೋವು ಹಾಳಾಗ್ಲಿ. ವಿದ್ಯಾ ಗತಿ ಏನೇ?"

ವಿದ್ಯಾ ಅಕ್ಕನ ಒಬ್ಬಳೇ ಮಗಳು. ಗಂಡ ಪ್ರಸನ್ನನ ಜೊತೆ ನೆದರ್‌ಲ್ಯಾಂಡ್ಸ್‌ನಲ್ಲಿದ್ದಾಳೆ, ಆಮ್‌ಸ್ಟರ್‌ಡ್ಯಾಮ್ ಪಕ್ಕದ ಡೀಮೆನ್ ಎಂಬ ಊರಲ್ಲಿ. ಚೊಚ್ಚಲ ಬಸುರಿ. ಬಾಣಂತನಕ್ಕೆಂದು ಅಕ್ಕ ಓಮದ ಪುಡಿ, ಮೆಂತ್ಯದ ಹಿಟ್ಟು, ಹಳೇ ಪಂಚೆ ಹರಿದ ಬಟ್ಟೆ ಎಲ್ಲವನ್ನೂ ಆಗಲೇ ಪೆಟ್ಟಿಗೆಗೆ ತುಂಬಿಟ್ಟಿದ್ದಳು.

"ನನ್ನ ಬದಲು ನೀನು ಹೋಗೇ," ಅಂದಳು.

"ನಾನಾ? ನಂಗೆ ಇಂಗ್ಲಿಷ್ ಬರಲ್ಲ ಅಕ್ಕ."

"ಹುಟ್ಟೋ ಮಗೂಗೂ ಬರಲ್ಲ. ಹೋಗು."

ಹಾಗೆ ನನ್ನ ಪರದೇಶದ ಪ್ರಯಾಣ ನಿಶ್ಚಯವಾಯಿತು. ಬದರಿಗೆ ಹೋಗಿದ್ದು ಬಿಟ್ಟರೆ ದೂರ ಎಂದರೇನು ಎಂದು ನನಗೆ ಗೊತ್ತಿರಲಿಲ್ಲ.

ಹೊರಡುವ ಮುಂಚೆ ಅಕ್ಕನನ್ನು ನೋಡಲು ಹೋದೆ. ಕಾಲನ್ನು ದಿಂಬಿನ ಮೇಲಿಟ್ಟು ಮಲಗಿದ್ದಳು. ನನ್ನ ಕೈ ಹಿಡಿದು ಒಂದೇ ಒಂದು ಕೇಳಿದಳು. ನಮ್ಮ ತವರಿನ ಪದ್ಧತಿ ಏನೆಂದರೆ, ನಾಮಕರಣ ಆಗುವ ತನಕ ಮಗುವಿನ ಮುಖವನ್ನು ಫೋಟೋದಲ್ಲಿ ಹಿಡಿಯುವಂತಿಲ್ಲ. ಹೆಸರಿಲ್ಲದ ಮುಖಕ್ಕೆ ದೃಷ್ಟಿ ಬೇಗ ತಾಕುತ್ತದೆ ಎಂದು ನಮ್ಮಮ್ಮ ಹೇಳುತ್ತಿದ್ದರು. ವಿಡಿಯೋ ಕಾಲ್ ಕೂಡ ಫೋಟೋನೇ ಎಂದು ಅಕ್ಕನ ತೀರ್ಮಾನ.

"ಪ್ರಸನ್ನ ಮಗೂ ಕಿವೀಲಿ ಹೆಸರು ಹೇಳೋ ಗಳಿಗೆ ಇದೆಯಲ್ಲ, ಆ ಗಳಿಗೇದು ಒಂದು ಫೋಟೋ ಬೇಕು. ಮುಖ ಚೆನ್ನಾಗಿ ಕಾಣ್ಬೇಕು. ಕಾಗದದ ಮೇಲೆ ಕೈಲಿ ಹಿಡ್ಕೊಂಡು ನೋಡ್ಬೇಕು. ಫೋನಲ್ಲಿ ಮುಖ ಒಡೆದೊಡೆದು ಬರುತ್ತೆ, ನಿಂತೋಗುತ್ತೆ. ನನ್ನ ಮೊಮ್ಮಗೂನ ಮೊದಲನೇ ಸಲ ಹಾಗೆ ನೋಡಕ್ಕೆ ನಂಗಿಷ್ಟ ಇಲ್ಲ ಕಣೇ."

ಅಷ್ಟು ಹೇಳಿ ತನ್ನ ಕಳಶಕ್ಕೆ ಕಟ್ಟುವ ಬೆಳ್ಳಿಯ ಲಕ್ಷ್ಮಿ ಮುಖವನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ತಾನು ಹೋಗಲಾಗದ ಕಡೆಗೆ ಈ ತಾಯಿಯಾದರೂ ಹೋಗಲಿ ಎಂದಳು.

ಮನೆಗೆ ಬಂದಾಗ ಯಜಮಾನರು ಬೀರುವಿನಿಂದ ಒಂದು ಪುಟ್ಟ ಕ್ಯಾಮೆರಾ ತೆಗೆದು ಒರೆಸುತ್ತಿದ್ದರು. ಬದರಿಗೆ ಹೋದಾಗ ಕೊಂಡದ್ದು. ಸೋಪಿನ ಪೆಟ್ಟಿಗೆಯಷ್ಟು ಇದೆ, ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಳ್ಳಬಹುದು. "ಒತ್ತಿದ್ರೆ ಆಯ್ತು, ಬೇರೇನೂ ಇಲ್ಲ ಇದ್ರಲ್ಲಿ," ಎಂದು ಕೊಟ್ಟರು. ಫೋಟೋ ಬಂದ ಕೂಡಲೇ ಎದುರಿನ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ಅಕ್ಕನ ಕೈಗೆ ಮುಟ್ಟಿಸುವ ಕೆಲಸ ಅವರದು ಎಂದಾಯಿತು.

ಡೀಮೆನ್

ವಿಮಾನದ ವಿಚಾರ ಬಿಡಿ. ಕಿಟಕಿ ಪಕ್ಕದ ಸೀಟು ಸಿಕ್ಕಿತು, ಪಕ್ಕದವರು ಗೊರಕೆ ಹೊಡೆಯಲಿಲ್ಲ, ನನ್ನ ಉಪ್ಪಿನಕಾಯಿ ಸೋರಲಿಲ್ಲ. ಒಬ್ಬ ಹೆಂಗಸಿಗೆ ಇದಕ್ಕಿಂತ ಏನು ಬೇಕು?

ಡೀಮೆನ್‌ನಲ್ಲಿ ಮನೆಗಳು ಬೆಂಕಿಪೆಟ್ಟಿಗೆ ಜೋಡಿಸಿದ ಹಾಗೆ ಸಾಲಾಗಿವೆ. ಟ್ರಾಮ್ ಬಾಗಿಲ ಮುಂದೆಯೇ ಗಂಟೆ ಬಾರಿಸಿಕೊಂಡು ಹೋಗುತ್ತದೆ. ಯಾರ ಕಿಟಕಿಗೂ ಪರದೆ ಎಳೆದಿರುವುದಿಲ್ಲ. ಎದುರು ಮನೆಯವರು ಏನು ಊಟ ಮಾಡುತ್ತಾರೆ, ಯಾವ ಕುರ್ಚಿಯಲ್ಲಿ ಕೂರುತ್ತಾರೆ, ಎಲ್ಲ ಕಾಣುತ್ತದೆ. ಆದರೆ ಯಾರೂ ನೋಡುವುದಿಲ್ಲ. ನಮ್ಮಲ್ಲಿ ಪರದೆ ಇರುತ್ತದೆ, ಅದರ ಸಂದಿಯಿಂದ ಎಲ್ಲರೂ ನೋಡುತ್ತಾರೆ.

ಮೊದಲ ದಿನವೇ ಬಚ್ಚಲಿಗೆ ಹೋಗಿ ಗಾಬರಿಯಾಗಿ ಹೊರಗೆ ಬಂದೆ. ಗೋಡೆಯ ಮೇಲೆ ಕ್ಯಾಲೆಂಡರ್ ತೂಗುಹಾಕಿತ್ತು! ನೋಡಿದರೆ ಅಕ್ಕನ ಹೆಸರು, ಭಾವನ ಹೆಸರು, ನನ್ನ ಹೆಸರೂ ಬರೆದಿದೆ.

"ಇದೇನೇ ವಿದ್ಯಾ, ದೊಡ್ಡೋರ ಹೆಸರೆಲ್ಲ ಕಕ್ಕಸಲ್ಲಿ?"

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಚಿಕ್ಕಮ್ಮ, ಇಲ್ಲಿ ಎಲ್ರೂ ಬರ್ತ್‌ಡೇ ಕ್ಯಾಲೆಂಡರ್ ಅಲ್ಲೇ ಹಾಕೋದು. ದಿನಾ ಹೋಗ್ತೀವಲ್ಲ, ಮರೆಯಲ್ಲ ಅಂತ. ಪಕ್ಕದ ಮನೆ ಅಜ್ಜಿ ಗಿಫ್ಟ್ ಕೊಟ್ಟಿದ್ದು."

ಯೋಚಿಸಿದರೆ ಅವರು ಹೇಳುವುದೂ ನ್ಯಾಯವೇ. ಆದರೂ ನಾನು ಇರುವಷ್ಟು ದಿನ ಅದನ್ನು ಅಡುಗೆಮನೆಯ ಮೊಳೆಗೆ ವರ್ಗ ಮಾಡಿದೆ. ಅಳಿಯಂದಿರು ತಕರಾರು ಮಾಡಲಿಲ್ಲ.

ಅಳಿಯಂದಿರ ಬಗ್ಗೆ ಹೇಳಬೇಕು. ಪ್ರಸನ್ನ ಬೆಂಗಳೂರಿನ ಹುಡುಗ, ಮೆದು ಮನುಷ್ಯ. ಒಂದೇ ಹುಚ್ಚು: ಕ್ಯಾಮೆರಾ. ಮಿರರ್‌ಲೆಸ್ ಅಂತೆ, ವೃತ್ತಿಯವರು ಇಟ್ಟುಕೊಳ್ಳುವಂಥದ್ದು. ಅದಕ್ಕೆ ಒಂದು ಬ್ಯಾಗು, ಅದರ ಲೆನ್ಸುಗಳಿಗೆ ಇನ್ನೊಂದು ಬ್ಯಾಗು. ಒಂದು ಲೆನ್ಸು ನಮ್ಮ ಮನೆಯ ಕುಟ್ಟಾಣಿಯಷ್ಟು ತೂಕ. ಮಗಳೋ ಮಗನೋ ಹುಟ್ಟುವ ಮೊದಲ ಕ್ಷಣದಿಂದ ಫೋಟೋ ತೆಗೆಯಬೇಕೆಂದು ಕಾದಿದ್ದ ಮನುಷ್ಯನಿಗೆ ಅತ್ತೆಯ ಪದ್ಧತಿ ಕೇಳಿ ಮುಖ ಇಳಿದಿತ್ತು. ಆದರೆ ಒಪ್ಪಿಕೊಂಡಿದ್ದ. "ಅತ್ತೆ ಇಷ್ಟು ಮಾತ್ರ ಕೇಳಿದಾರೆ ಚಿಕ್ಕಮ್ಮ. ಆ ಒಂದು ಫೋಟೋ ಮಾತ್ರ ಬೊಂಬಾಟಾಗಿ ಬರ್ಬೇಕು. ಅದು ನನ್ನ ಜವಾಬ್ದಾರಿ," ಅಂದ.

ಹಾರ್ಲೆಮ್

ವಿದ್ಯಾಳಿಗೆ ದಿನ ಹತ್ತಿರವಾಗಿ ಕಾಲು ಊದಿತ್ತು. ಒಂದು ಶನಿವಾರ ಅವಳನ್ನು ಮಲಗಿಸಿ, ಅವಳ ಗೆಳತಿಯನ್ನು ಜೊತೆಗಿರಿಸಿ, ಪ್ರಸನ್ನ ನನ್ನನ್ನು ಹಾರ್ಲೆಮ್‌ಗೆ ಕರೆದುಕೊಂಡು ಹೋದ. ರೈಲಿನಲ್ಲಿ ಅವನ ತೊಡೆಯ ಮೇಲೆ ಅವನ ಕ್ಯಾಮೆರಾ, ನನ್ನ ತೊಡೆಯ ಮೇಲೆ ನನ್ನದು. ಆನೆಯ ಪಕ್ಕ ಇಲಿ ಕೂತ ಹಾಗೆ.

ಹಾರ್ಲೆಮ್ ಹಳೇ ಊರು. ಕಲ್ಲು ಹಾಸಿದ ಸಣ್ಣ ಸಣ್ಣ ಬೀದಿ, ನಡುವೆ ನೀರು, ನೀರಿನ ಮೇಲೆ ಸೇತುವೆ. ಒಂದು ಮನೆಯ ಕಿಟಕಿಯಲ್ಲಿ ಬಿಳಿ ಕೂದಲಿನ ಅಜ್ಜಿ ಹೆಣೆಯುತ್ತಾ ಕೂತಿದ್ದರು. ಪ್ರಸನ್ನ ದೊಡ್ಡ ಕ್ಯಾಮೆರಾ ಎತ್ತಿದ. ಅಜ್ಜಿ ಒಮ್ಮೆ ನೋಡಿ ಕುರ್ಚಿ ತಿರುಗಿಸಿ ಬೆನ್ನು ಕೊಟ್ಟು ಕೂತರು. ನನಗೇ ನಾಚಿಕೆಯಾಯಿತು. ಕೈಯಲ್ಲಿದ್ದ ಸಣ್ಣದನ್ನು ತೋರಿಸಿ, ತೆಗೀಲಾ ಎಂಬಂತೆ ತಲೆ ಆಡಿಸಿದೆ. ಅಜ್ಜಿ ನಕ್ಕರು. ಎದ್ದು ಒಳಗೆ ಹೋಗಿ ಒಂದು ದಪ್ಪ ಬೆಕ್ಕನ್ನು ಎತ್ತಿಕೊಂಡು ಬಂದು ಅದರ ಮುಂಗಾಲು ಹಿಡಿದು ನನಗೆ ಟಾಟಾ ಮಾಡಿಸಿದರು.

"ನೋಡಿದ್ರಾ ಅಳಿಯಂದ್ರೇ? ನಿಮ್ಮದನ್ನ ಕಂಡ್ರೆ ಪೇಪರ್‌ನೋರು ಬಂದ್ರು ಅನ್ಕೋತಾರೆ. ನನ್ನದನ್ನ ಕಂಡ್ರೆ ಪಕ್ಕದ್ಮನೆಯವಳು ಬಂದ್ಲು ಅನ್ಕೋತಾರೆ."

"ಇರಿ ಚಿಕ್ಕಮ್ಮ, ಚರ್ಚ್ ಒಳಗೆ ಹೋಗೋಣ. ಅಲ್ಲಿ ಮಾತಾಡೋಣ."

ಅವನು ಹೇಳಿದ್ದು ನಿಜವಾಯಿತು. ಊರ ನಡುವಿನ ದೊಡ್ಡ ಚರ್ಚಿನ ಒಳಗೆ ನಸುಗತ್ತಲೆ. ಯಾರ ದೇವರಾದರೇನು ಎಂದು ಕೈ ಮುಗಿದು ನಿಂತೆ. ಎದುರು ಗೋಡೆಯ ತುಂಬ ವಾದ್ಯದ ಕೊಳವೆಗಳು ಆಕಾಶದ ತನಕ. ನಾನು ಒತ್ತಿದೆ, ಮಸಿ ಬಟ್ಟೆಯ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಬಂತು. ಅವನು ಒತ್ತಿದ, ಒಂದೊಂದು ಕೊಳವೆಯೂ ಚಿನ್ನದ ಹಾಗೆ ಹೊಳೆಯಿತು. ನನ್ನ ಕಣ್ಣಿಗೆ ಕಾಣದ ಕೆತ್ತನೆಯೂ ಅದರಲ್ಲಿ ಕಂಡಿತು.

"ಇದು ಹೇಗಪ್ಪಾ?"

"ಫೋಟೋ ಅಂದ್ರೆ ಬೆಳಕು ಹಿಡಿಯೋದು ಚಿಕ್ಕಮ್ಮ. ನಿಮ್ಮದು ಲೋಟ, ನನ್ನದು ಹಂಡೆ. ಮಳೆ ಜೋರಾಗಿದ್ರೆ ಲೋಟಾನೂ ತುಂಬುತ್ತೆ. ತುಂತುರು ಮಳೇಲಿ ಹಂಡೆ ಬೇಕು."

ಒಪ್ಪಿದೆ. ಹೊರಗೆ ಬಂದು ಕಾಲುವೆಯ ಆ ದಡದಲ್ಲಿ ನಿಂತ ಬಕಪಕ್ಷಿಯ ಕಣ್ಣಿನ ಉಂಗುರವನ್ನೂ ಅವನು ಹಿಡಿದು ತೋರಿಸಿದ. ನನ್ನದರಲ್ಲಿ ಬಕ ಒಂದು ಬೂದು ಚುಕ್ಕೆ. ಆಮೇಲೆ ನನ್ನನ್ನೇ ಸೇತುವೆಯ ಮೇಲೆ ನಿಲ್ಲಿಸಿ ತೆಗೆದ. ನನ್ನ ಮುಖದ ಒಂದೊಂದು ಸುಕ್ಕೂ ಇತ್ತು. ಆದರೆ ಹಿಂದಿದ್ದ ಸೈಕಲ್, ಹೂವಿನ ಅಂಗಡಿ, ಜನ, ಎಲ್ಲ ಮಾಯ. ಬರೀ ಬಣ್ಣದ ಹೊಗೆ.

"ಇದೇ ಇದರ ಸ್ಪೆಷಾಲಿಟಿ," ಅಂದ. "ಹಿಂದಿರೋದನ್ನೆಲ್ಲ ಬೆಣ್ಣೆ ಥರ ಕರಗಿಸಿಬಿಡುತ್ತೆ."

"ಯಾಕೆ ಕರಗಿಸ್ಬೇಕು? ಹಿಂದಿದ್ದೋರು ಏನು ತಪ್ಪು ಮಾಡಿದ್ರು?"

ಆಗಲೇ ಗಾಳಿ ಬೀಸಿ ನನ್ನ ಛತ್ರಿ ಹಿಂದುಮುಂದಾಯಿತು. ಅದನ್ನು ಹಿಡಿಯಲು ಹೋಗಿ ಸಣ್ಣ ಕ್ಯಾಮೆರಾ ಕೈಜಾರಿ ಕಲ್ಲಿನ ಮೇಲೆ ಬಿತ್ತು. ಬ್ಯಾಟರಿಯ ಮುಚ್ಚಳ ಕಿತ್ತುಬಂತು. ಮುಚ್ಚಳ ಒತ್ತಿ ಹಿಡಿದರೆ ಲೈಟು ಬರುತ್ತಿತ್ತು, ಬಿಟ್ಟರೆ ಹೋಗುತ್ತಿತ್ತು. ಮನೆಗೆ ಬಂದು ಕೊತ್ತಂಬರಿ ಕಟ್ಟಿನ ರಬ್ಬರ್ ಬ್ಯಾಂಡ್ ಎರಡು ಸುತ್ತು ಸುತ್ತಿದೆ. ಸರಿಹೋಯಿತು. ಅವನ ಕ್ಯಾಮೆರಾ ಬಿದ್ದಿದ್ದರೆ ಯಾವ ಕೊತ್ತಂಬರಿ ಕಟ್ಟೂ ಉಳಿಸುತ್ತಿರಲಿಲ್ಲ.

ಮತ್ತೆ ಡೀಮೆನ್, ಮೂವರು ನಾಲ್ವರಾದ ಮೇಲೆ

ಹೆಣ್ಣು ಮಗು. ತಾಯಿ ಮಗು ಇಬ್ಬರೂ ಕ್ಷೇಮ. ಹೆರಿಗೆಯಾದ ದಿನವೇ ಆಸ್ಪತ್ರೆಯಿಂದ ಮನೆಗೆ ಕಳಿಸಿಬಿಟ್ಟರು! ನಾನು ದಂಗಾದೆ. ಆದರೆ ಹಿಂದೆಯೇ ಮನೆಗೊಬ್ಬ ನರ್ಸ್ ಬಂದಳು. ಬಾಣಂತಿಯನ್ನು ನೋಡಿಕೊಳ್ಳಲೆಂದೇ ಅಲ್ಲಿ ಮನೆಮನೆಗೂ ಹೀಗೆ ಬರುತ್ತಾರಂತೆ. ಹೆಸರು ಮರೈಕೆ. ಎತ್ತರದ ಹೆಂಗಸು, ನನ್ನ ವಯಸ್ಸಿಗಿಂತ ಸ್ವಲ್ಪ ಕಡಿಮೆ. ಬಂದವಳೇ ಮಂಚದ ಕಾಲಿಗೆ ಮರದ ಅಡ್ಡೆಗಳನ್ನು ಕೊಟ್ಟು ಮಂಚ ಎತ್ತರಿಸಿದಳು, ಬಗ್ಗಿ ಬಗ್ಗಿ ಬೆನ್ನು ಹೋಗಬಾರದೆಂದು. ಲೋಹದ ಸೀಸೆಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಮಗುವಿನ ಹಾಸಿಗೆ ಬೆಚ್ಚಗೆ ಮಾಡಿದಳು. ಬಚ್ಚಲು ತೊಳೆದಳು. ನನಗೆ ಟೀ ಮಾಡಿಕೊಟ್ಟಳು. ಅಕ್ಕ ಇದ್ದಿದ್ದರೂ ಹೀಗೇ ಮಾಡುತ್ತಿದ್ದಳು, ಟೀ ಒಂದು ಬಿಟ್ಟು.

ಮಗು ಹುಟ್ಟಿದ ಸಿಹಿ ಎಂದು ಅವಳು ಒಂದು ರಸ್ಕಿಗೆ ಬೆಣ್ಣೆ ಸವರಿ, ಮೇಲೆ ಗುಲಾಬಿ ಬಿಳಿ ಕಾಳು ಉದುರಿಸಿ ಕೊಟ್ಟಳು. ಬಾಯಿಗೆ ಹಾಕಿದರೆ ಸಕ್ಕರೆಯೊಳಗೆ ಸೋಂಪು! ನಾನು ಓಡಿ ಹೋಗಿ ಅಕ್ಕ ಕಟ್ಟಿಕೊಟ್ಟಿದ್ದ ಸೋಂಪಿನ ಡಬ್ಬ ತಂದು ತೋರಿಸಿದೆ. ಅವಳು ವಿದ್ಯಾಳ ಎದೆಯತ್ತ ಕೈ ತೋರಿಸಿ "ಮಿಲ್ಕ್" ಅಂದಳು. ನಾನೂ "ಮಿಲ್ಕ್" ಅಂದೆ. ಅವಳ ಅಜ್ಜಿಯೂ ನಮ್ಮಜ್ಜಿಯೂ ಒಂದೇ ಔಷಧಿ ಕೊಟ್ಟಿದ್ದಾರೆ. ಅವತ್ತಿನಿಂದ ನಮ್ಮಿಬ್ಬರಿಗೆ ಭಾಷೆ ಬೇಕಾಗಲಿಲ್ಲ.

ಒಂದೇ ಒಂದು ಸಲ ಅವಳು ಗಾಬರಿಯಾದಳು. ಮಗುವಿಗೆ ನೀರು ಹಾಕಿ ಸಾಂಬ್ರಾಣಿ ಹೊಗೆ ಕೊಡಲು ಹೋದೆ. ಚಾವಣಿಯಲ್ಲಿದ್ದ ಹೊಗೆಯ ಗಂಟೆ ಕಿವಿ ಕಿತ್ತುಹೋಗುವಂತೆ ಕಿರುಚಿತು. ಮರೈಕೆ ಒದ್ದೆ ಕೈಯಲ್ಲೇ ಬಂದು ಕಿಟಕಿ ತೆಗೆದು, ಟವೆಲ್ ಬೀಸಿ, ಆಮೇಲೆ ಸೊಂಟಕ್ಕೆ ಕೈಕೊಟ್ಟು ನನ್ನನ್ನು ನೋಡಿದಳು. ಸಾಂಬ್ರಾಣಿ ಅಲ್ಲಿಗೆ ನಿಂತಿತು. ಮಗುವಿನ ಕೂದಲು ಅದಿಲ್ಲದೆಯೂ ಚೆನ್ನಾಗಿ ಆರಿತು.

ಹೆಸರಿನದೇ ಒಂದು ಪೇಚು. ಹುಟ್ಟಿದ ಕೆಲವೇ ದಿನದೊಳಗೆ ಅಲ್ಲಿನ ನಗರಸಭೆಗೆ ಮಗುವಿನ ಹೆಸರು ಕೊಡಲೇಬೇಕು, ಕಾನೂನು. ಪ್ರಸನ್ನ ಹೋಗಿ ಬರೆಸಿ ಬಂದ. ಮನೆದೇವರಿಗಿಂತ ಮೊದಲು ನಗರಸಭೆಗೆ ಗೊತ್ತಾಯಿತು! "ಮನೇಲಿ ಮಾತ್ರ ಬಾಯಿ ಬಿಡ್ಬೇಡಿ," ಎಂದು ಕೈಮುಗಿದೆ. ಗಂಡ ಹೆಂಡತಿ ಇಬ್ಬರೂ ಕೊನೆಯ ತನಕ 'ಪಾಪು' ಎಂದೇ ಕರೆದರು.

ಪ್ರಸನ್ನನ ಪಾಡು ನೋಡಲಾಗುತ್ತಿರಲಿಲ್ಲ. ತೊಟ್ಟಿಲ ಹತ್ತಿರ ಬರುವುದು, ಕೈ ಕ್ಯಾಮೆರಾದ ಕಡೆ ಹೋಗುವುದು, ಮತ್ತೆ ಹಿಂದೆ ಎಳೆದುಕೊಳ್ಳುವುದು. ಕೊನೆಗೆ ಅಂಗಡಿಯಿಂದ ಒಂದು ದುಂಡು ಕುಂಬಳಕಾಯಿ ತಂದ. ಅದಕ್ಕೆ ಮಗುವಿನ ಟೋಪಿ ಹಾಕಿ ನನ್ನ ತೊಡೆಯ ಮೇಲೆ ಇಟ್ಟ.

"ರಿಹರ್ಸಲ್ ಚಿಕ್ಕಮ್ಮ. ಕಾಡಿಗೇಲಿ ಎರಡು ಕಣ್ಣು ಬರೀರಿ. ಈ ಕ್ಯಾಮೆರಾ ಮುಖ ಎಲ್ಲಿದ್ರೂ ಹುಡುಕಿ, ಕಣ್ಣನ್ನೇ ಹಿಡಿಯುತ್ತೆ. ಕುಂಬಳಕಾಯಿನ ಹಿಡಿಯುತ್ತಾ ನೋಡೋಣ."

ಕಣ್ಣು, ಮೂಗು, ಬಾಯಿ ಬರೆದೆ. "ಹಿಡೀತು! ಹಿಡೀತು!" ಎಂದು ಅವನು ಕುಣಿದ. ಒಳಗಿನಿಂದ ವಿದ್ಯಾ ಕೂಗಿದಳು: "ಪ್ರಸೂ, ನಿನ್ನ ಮಗಳು ಇಲ್ಲಿದ್ದಾಳೆ, ಒದ್ದೆ ಮಾಡ್ಕೊಂಡಿದ್ದಾಳೆ. ಕುಂಬಳಕಾಯಿ ಬಿಟ್ಟು ಬಾ."

ಹೆಸರಿಡುವ ದಿನ

ಪುರೋಹಿತರು ವಾಗೆನಿಂಗನ್‌ನಿಂದ ಬೆಳಗಿನ ರೈಲಿಗೆ ಬಂದರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಮಣ್ಣಿನ ಬಗ್ಗೆ ಸಂಶೋಧನೆ ಮಾಡುವ ಉಡುಪಿಯ ಭಟ್ಟರು. ವಾರವಿಡೀ ಪ್ರಯೋಗಾಲಯ, ರಜಾ ದಿನ ಇಂಥ ಮನೆಗಳಲ್ಲಿ ಮಂತ್ರ. ಜಾಕೆಟ್ ಕಳಚಿ ಪಂಚೆ ಉಟ್ಟು ಬಂದಾಗ ನನಗೆ ಊರೇ ಎದುರು ಬಂದಂತಾಯಿತು. ಮರೈಕೆಯ ಕೆಲಸದ ದಿನಗಳು ಮುಗಿದಿದ್ದವು, ಆದರೂ ಕರೆದಿದ್ದೆವು. ಹಳದಿ ಟ್ಯುಲಿಪ್ ಹಿಡಿದು ಬಂದಳು. ಚಪ್ಪಲಿಯನ್ನು ಯಾರೂ ಹೇಳದೆ ಹೊರಗೆ ಬಿಟ್ಟಳು.

ನಾನು ಮಡಿಯುಟ್ಟು ಅಡುಗೆ ಮುಗಿಸಿ, ಕಳಶ ಇಟ್ಟು, ಅಕ್ಕನ ಬೆಳ್ಳಿಯ ಲಕ್ಷ್ಮಿ ಮುಖ ಕಟ್ಟಿದೆ. ಕಣ್ಣಿಗೆ ಕಾಡಿಗೆ ತೀಡಿ, ಮೂಗುಬೊಟ್ಟು ಇಟ್ಟು, ಮರೈಕೆಯ ಟ್ಯುಲಿಪ್ಪನ್ನೇ ಮುಡಿಸಿದೆ. ಪ್ರಸನ್ನ ದೊಡ್ಡ ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಏರಿಸಿದ. ಅದರ ಪಟ್ಟಿ ಚರ್ಮದ್ದು, ಮಡಿಗೆ ತಾಕುತ್ತದೆ ಎಂದೆ. ತಕ್ಷಣ ಬಿಚ್ಚಿ ಬೇರೆ ಕೋಣೆಗೆ ಹಾಕಿದ, ಪುಣ್ಯಾತ್ಮ.

ಕಷ್ಟ ಆಮೇಲೆ ತಿಳಿಯಿತು. ಭಟ್ಟರು ಅವನ ಬೆರಳಿಗೆ ದರ್ಭೆಯ ಪವಿತ್ರ ತೊಡಿಸಿ, "ಇನ್ನು ಏಳುವ ಹಾಗಿಲ್ಲ ಮಾರಾಯ್ರೆ. ಆ ಯಂತ್ರವನ್ನು ಮುಟ್ಟುವ ಹಾಗೂ ಇಲ್ಲ," ಅಂದರು.

"ಒಂದೇ ಒಂದು ಸಲ ನೋಡಿ ಬರ್ತೀನಿ ಭಟ್ರೇ."

"ತಂದೆ ನೀವು. ಸಂಕಲ್ಪ ಯಾರದು, ಕ್ಯಾಮೆರಾದ್ದಾ?"

"ಪರ್ವಾಗಿಲ್ಲ ಚಿಕ್ಕಮ್ಮ," ಎಂದು ಅವನು ನನಗೆ ಸಮಾಧಾನ ಹೇಳಿದ. "ತಾನಾಗೇ ಕ್ಲಿಕ್ ಆಗ್ತಾ ಇರೋ ಹಾಗೆ ಇಟ್ಟಿದೀನಿ. ಮುಖಾನೂ ತಾನೇ ಹುಡುಕುತ್ತೆ."

ಆದರೂ ನನಗೆ ಏನೋ ಅಳುಕು. ಅಜ್ಜಿಯ ಜಾಗದಲ್ಲಿ ನಾನೇ ಕೂರಬೇಕಿತ್ತು. ರಬ್ಬರ್ ಬ್ಯಾಂಡ್ ಸುತ್ತಿದ ಸಣ್ಣ ಕ್ಯಾಮೆರಾವನ್ನು ಮರೈಕೆಯ ಕೈಗೆ ಕೊಟ್ಟು, "ಪ್ರೆಸ್. ಓನ್ಲಿ ಪ್ರೆಸ್," ಅಂದೆ.

ತಟ್ಟೆಯಲ್ಲಿ ಅಕ್ಕಿ ಹರವಿ ಪ್ರಸನ್ನ ಉಂಗುರದಿಂದ ಹೆಸರು ಬರೆದ. ನಾವೆಲ್ಲ ತಲೆ ಬಗ್ಗಿಸಿ ನೋಡಿದೆವು. ವಿದ್ಯಾಳ ಮಡಿಲಲ್ಲಿ ಮಗು. ಅವನು ಬಗ್ಗಿ ಬಲಗಿವಿಗೆ ಬಾಯಿಟ್ಟು "ಮೈತ್ರಿ" ಅಂದ. ಮಗು ಕಣ್ಣು ಬಿಟ್ಟಿತು. ವಿದ್ಯಾ ಅಳುತ್ತಿದ್ದಳು, ನಾನೂ. ದೊಡ್ಡ ಕ್ಯಾಮೆರಾ ಮೂಲೆಯಲ್ಲಿ ನಿಂತು ಟಿಕ್, ಟಿಕ್ ಎನ್ನುತ್ತಿತ್ತು. ಮರೈಕೆ ಎಲ್ಲಿದ್ದಾಳೆಂದು ನಾನು ಗಮನಿಸಲೇ ಇಲ್ಲ.

ಮಗುವನ್ನು ತೊಟ್ಟಿಲಿಗೆ ಹಾಕಿ ಆರತಿ ಎತ್ತಿದ ಮೇಲೆ ಪ್ರಸನ್ನ ಓಡಿಹೋಗಿ ಫೋಟೋಗಳನ್ನು ಲ್ಯಾಪ್‌ಟಾಪಿಗೆ ಹಾಕಿದ. ಎಲೆ ಹಾಕುತ್ತಿದ್ದ ನಾನು ಅವನ ಬೆನ್ನು ಕುಸಿಯುವುದನ್ನು ಕಂಡೆ.

"ಏನಾಯ್ತು?"

"ನನ್ನ ಮಗಳು ಎಲ್ಲಾದ್ರಲ್ಲೂ ಮಂಜು ಚಿಕ್ಕಮ್ಮ."

ಹತ್ತಿರ ಹೋಗಿ ನೋಡಿದೆ. ಬೆಳ್ಳಿಯ ಲಕ್ಷ್ಮಿ ಮುಖ! ತಾಯಿಯ ಕಣ್ಣಿನ ಕಾಡಿಗೆ, ಮೂಗುಬೊಟ್ಟಿನ ಹರಳು, ಟ್ಯುಲಿಪ್ಪಿನ ಎಸಳಿನ ನರ ಸಹ ಎಣಿಸಬಹುದಿತ್ತು. ಅಂಥ ಫೋಟೋ ನಾನು ಜನ್ಮದಲ್ಲಿ ನೋಡಿಲ್ಲ. ಅವಳ ಮುಂದೆ ನಾವೆಲ್ಲ ಬಣ್ಣದ ಹೊಗೆ. ಒಂದಲ್ಲ, ಎಲ್ಲವೂ ಹಾಗೆಯೇ. ನಾವು ತಲೆ ಬಗ್ಗಿಸಿ ಅಕ್ಕಿಯನ್ನೂ ಮಗುವನ್ನೂ ನೋಡುತ್ತಿದ್ದಾಗ, ಆ ಕೋಣೆಯಲ್ಲಿ ಕ್ಯಾಮೆರಾದ ಕಡೆ ನೇರ ಮುಖ ಮಾಡಿ ಕೂತಿದ್ದವಳು ಅವಳೊಬ್ಬಳೇ. ಮುಖ ಹುಡುಕುವ ಯಂತ್ರ ಅವಳನ್ನೇ ಹುಡುಕಿಕೊಂಡಿತ್ತು.

ಭಟ್ಟರು ಹೆಗಲ ಮೇಲಿಂದ ಇಣುಕಿದರು. "ಅದರ ತಪ್ಪು ಎಂತ ಉಂಟು? ಮನೆಯಲ್ಲಿ ದೊಡ್ಡವರು ಯಾರೋ ಅವರನ್ನು ತೆಗೆದಿದೆ."

ಪ್ರಸನ್ನ ಮುಖ ಮುಚ್ಚಿಕೊಂಡು ಕೂತ. ಮೈಸೂರಿನಲ್ಲಿ ಸ್ಟುಡಿಯೋದವರು ಕಾಯುತ್ತಿದ್ದರು, ಯಜಮಾನರು ಕಾಯುತ್ತಿದ್ದರು, ಅಕ್ಕ ಬೆಳಗಿನಿಂದ ಹೊಸ ಸೀರೆ ಉಟ್ಟು ಕುರ್ಚಿಯಲ್ಲಿ ಕೂತಿದ್ದಳು. ಮಗುವಿನ ಫೋಟೋ ಈಗಲೂ ತೆಗೆಯಬಹುದಿತ್ತು, ಸಾಯಂಕಾಲವೂ ತೆಗೆಯಬಹುದಿತ್ತು. ಆದರೆ ಅವಳು ಕೇಳಿದ ಗಳಿಗೆ ಹೋಗಿಬಿಟ್ಟಿತ್ತು. ಇನ್ನೊಂದು ಸಲ ಹೇಳಿದರೆ ಅದು ನಾಟಕ, ನಾಮಕರಣವಲ್ಲ.

ಆಗ ಮರೈಕೆ ಸಣ್ಣ ಕ್ಯಾಮೆರಾವನ್ನು ಎರಡು ಕೈಯಲ್ಲಿ ಹಿಡಿದು ಬಂದಳು. ಏನಾಗಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಮಧ್ಯದಲ್ಲಿ ಮುಚ್ಚಳ ಬಿಚ್ಚಿಕೊಂಡಿತ್ತು, ಮತ್ತೆ ಕಟ್ಟಿದೆ, ಏನಾದರೂ ಹಾಳಾಗಿದ್ದರೆ ಕ್ಷಮಿಸಿ ಎಂದು ವಿದ್ಯಾಳ ಹತ್ತಿರ ಹೇಳುತ್ತಿದ್ದಳು.

ವಿದ್ಯಾ ಅದನ್ನು ಇಸಿದುಕೊಂಡು ನೋಡಿದಳು. ಮೊದಲನೆಯದರಲ್ಲಿ ಅರ್ಧ ಮರೈಕೆಯ ಬೆರಳು. ಮುಂದಿನದರಲ್ಲಿ ಪ್ರಸನ್ನನಿಗೆ ತಲೆಯೇ ಇಲ್ಲ. ಇನ್ನೊಂದರಲ್ಲಿ ಭಟ್ಟರ ಬೆನ್ನು. ಆಮೇಲಿನದನ್ನು ವಿದ್ಯಾ ಕಣ್ಣಿನ ಹತ್ತಿರ ತಂದುಕೊಂಡಳು.

"ಚಿಕ್ಕಮ್ಮ, ಬನ್ನಿ ಇಲ್ಲಿ."

ನಾವು ತಲೆ ಬಗ್ಗಿಸಿದ್ದೆವಲ್ಲ, ಮರೈಕೆ ನಮಗಿಂತ ಕೆಳಗೆ ಹೋಗಿದ್ದಳು. ಎದುರು ಕಡೆಗೆ ಬಂದು, ಮಂಡಿಯೂರಿ, ಗಲ್ಲ ನೆಲಕ್ಕೆ ತಾಕುವಷ್ಟು ಬಗ್ಗಿ ತೆಗೆದಿದ್ದಳು. ಎಳೆಮಕ್ಕಳ ಮುಖ ನೋಡಿ ನೋಡಿ ಅಭ್ಯಾಸವಾದವಳು ಬೇರೆ ಎಲ್ಲಿಂದ ನೋಡಿಯಾಳು? ಫೋಟೋದಲ್ಲಿ ಪ್ರಸನ್ನನ ತುಟಿ ಮಗುವಿನ ಕಿವಿಯ ಮೇಲಿದೆ. ಮಗು ಎರಡೂ ಕಣ್ಣು ಅಗಲ ಬಿಟ್ಟು, ಇದ್ಯಾರಪ್ಪಾ ನನ್ನ ಹೆಸರು ಹೇಳಿದವರು ಎಂಬಂತೆ ನೋಡುತ್ತಿದೆ. ವಿದ್ಯಾಳ ಗಲ್ಲದ ಮೇಲಿನ ಕಣ್ಣೀರು, ನನ್ನ ಅಳುವ ಬಾಯಿ, ಭಟ್ಟರ ಜನಿವಾರ, ಹಿಂದೆ ಲಕ್ಷ್ಮಿ ಮುಖ, ಅದರ ಹಿಂದೆ ಬಟ್ಟೆ ಒಣಹಾಕುವ ಸ್ಟ್ಯಾಂಡು, ಒಲೆಯ ಮೇಲೆ ಪಾಯಸದ ಪಾತ್ರೆ, ಕಿಟಕಿಯಾಚೆ ಹೋಗುತ್ತಿರುವ ಟ್ರಾಮು. ಎಲ್ಲವೂ ಸ್ಪಷ್ಟ. ಯಾರೂ ಕರಗಿರಲಿಲ್ಲ.

ಪ್ರಸನ್ನ ಅದನ್ನು ಕೈಗೆ ತೆಗೆದುಕೊಂಡು ನೋಡಿದ. "ಬಣ್ಣ ಪೇಲವ ಇದೆ. ಬಟ್ಟೆ ಸ್ಟ್ಯಾಂಡ್ ಬೇರೆ ಬಂದಿದೆ," ಎಂದು ತನಗೇ ಹೇಳಿಕೊಂಡ. ಆಮೇಲೆ ಕಣ್ಣೊರೆಸಿಕೊಂಡು, "ಲೋಟ ಚಿಕ್ಕದಿದ್ರೆ ಹತ್ತಿರದ್ದೂ ದೂರದ್ದೂ ಎಲ್ಲಾ ಒಟ್ಟಿಗೇ ನಿಲ್ಲುತ್ತೆ ಚಿಕ್ಕಮ್ಮ. ನಾನು ಅದನ್ನ ಕೊರತೆ ಅಂತ ಅನ್ಕೊಂಡಿದ್ದೆ," ಅಂದ. ಮರೈಕೆಯ ಮುಂದೆ ನಿಂತು, ಅಲ್ಲಿಯವರು ಯಾರೂ ಮಾಡದ ಹಾಗೆ, ಎರಡೂ ಕೈ ಮುಗಿದ. ಅವಳು ಅವನನ್ನು ತಬ್ಬಿ ಬೆನ್ನು ತಟ್ಟಿದಳು.

ಅದೇ ದಿನ, ಊಟವಾದ ಮೇಲೆ

ಫೋಟೋ ಕಳಿಸಿ ಕಾದೆವು. ನಾನು ಎಷ್ಟು ಸಾರಿ ದೇವರ ಹೆಸರು ಹೇಳಿಕೊಂಡೆನೋ. ಕೊನೆಗೆ ಅಕ್ಕನ ಫೋನು ಬಂತು. ಬರೀ ಮಾತು, ವಿಡಿಯೋ ಅಲ್ಲ. ಎಲ್ಲರಿಗೂ ಕೇಳುವಂತೆ ಇಟ್ಟೆ. ಆ ಕಡೆಯಿಂದ ಕಾಗದ ಸರಿದಾಡುವ ಸದ್ದು, ಮೂಗು ಎಳೆಯುವ ಸದ್ದು.

"ಅಕ್ಕ? ನೋಡಿದ್ಯಾ?"

"ನೋಡ್ತಾ ಇದೀನಿ ಕಣೇ, ಇರು. ಕಣ್ಣು ಎಷ್ಟು ದೊಡ್ಡದು! ಬೈತಾಳೆನೋ ಅನ್ನೋ ಹಾಗೆ ನೋಡ್ತಾಳೆ. ಥೇಟ್ ವಿದ್ಯಾನೇ. ವಿದ್ಯಾ, ಇದೀಯೇನೇ? ಅಳ್ಬೇಡ, ಬಾಣಂತಿ ಅಳಬಾರದು."

"ನೀನು ಅಳ್ಬೇಡಮ್ಮ ಮೊದ್ಲು," ಎಂದು ವಿದ್ಯಾ ಅತ್ತಳು.

"ಅಳಿಯಂದ್ರೇ, ನೀವು ತುಂಬಾ ಇಳಿದುಹೋಗಿದೀರಿ. ನಿದ್ದೆ ಇಲ್ಲ ಅಂತ ಕಾಣುತ್ತೆ. ಏನದು, ಆ ಬಿಳಿ ಸೀರೆ ಹಾಗೆ ಒಣಹಾಕಿರೋದು? ಓ, ನನ್ನ ಪಂಚೆ ಬಟ್ಟೇನಾ? ಮಗೂಗೆ ಹಾಸ್ತಿದೀರಾ? ಒಳ್ಳೇದಾಯ್ತು."

ಪ್ರಸನ್ನ ತಡೆಯಲಾರದೆ ನಡೆದದ್ದೆಲ್ಲ ಹೇಳಿದ. ಲಕ್ಷ್ಮಿಯ ಫೋಟೋಗಳನ್ನೂ ಕಳಿಸಿದ. ಸಂಜೆ ಬೆಳಕಲ್ಲಿ ಮಗುವಿನದೊಂದು ಒಳ್ಳೇ ಫೋಟೋ ತೆಗೆದು ಕಳಿಸುತ್ತೇನೆ, ಅದನ್ನೇ ಕಟ್ಟು ಹಾಕಿಸಿಕೊಳ್ಳಿ ಅತ್ತೆ ಎಂದ.

"ಅದೂ ಕಳಿಸಿ, ಬೇಡ ಅನ್ನಲ್ಲ. ನಾನು ಕಳಿಸಿದ ತಾಯಿ ಅಷ್ಟು ದೂರ ಬಂದು ಕಣ್ತುಂಬ ನಿಂತಿದಾಳಲ್ಲ, ಆ ಫೋಟೋ ದೇವರ ಮನೇಲಿ ಇರ್ಲಿ. ಆದ್ರೆ ಇದನ್ನ ನಾನು ಕೈಬಿಡಲ್ಲ. ಇದ್ರಲ್ಲಿ ಮಗು ಮನೇಲಿದೆ. ಮನೇನ ನಾನೂ ನೋಡ್ದೆ. ಬಂದ ಹಾಗೇ ಆಯ್ತು."

ಏನೂ ಅರ್ಥವಾಗದ ಮರೈಕೆ ಕೂಡ ಎರಡನೇ ಸಲದ ಪಾಯಸವನ್ನು ಕೈಯಲ್ಲೇ ಹಿಡಿದು ಫೋನನ್ನೇ ನೋಡುತ್ತಿದ್ದಳು. ಆಗ ಅಕ್ಕನ ದನಿ ಬದಲಾಯಿತು.

"ಲೇ ಸರಸೂ! ಮಗೂ ಕೆನ್ನೆ ಮೇಲೆ ಬೊಟ್ಟೆಲ್ಲೇ? ಅಷ್ಟು ಜನ ನೋಡಿದಾರೆ, ಫೋಟೋ ಬೇರೆ ತೆಗೆದಿದೀರಾ! ಕಳಶಕ್ಕೆ ಕಾಡಿಗೆ ಹಚ್ಚಕ್ಕೆ ನೆನಪಿತ್ತು, ಮಗೂಗೆ ಇಲ್ವಾ? ಫೋನಿಡು. ಮೊದಲು ದೃಷ್ಟಿ ತೆಗಿ."

ಫೋನಿಟ್ಟೆ. ಹಿಡಿ ಉಪ್ಪು, ಸಾಸಿವೆ ತೆಗೆದುಕೊಂಡು ಮಲಗಿದ್ದ ಮೈತ್ರಿಗೆ ನಿವಾಳಿಸಿದೆ. ಹೊಗೆಯ ಗಂಟೆಯ ಭಯಕ್ಕೆ ಬೆಂಕಿಗೆ ಹಾಕದೆ ನಲ್ಲಿಯ ನೀರಿಗೆ ಬಿಟ್ಟೆ. ಬೆರಳ ತುದಿಯ ಕಾಡಿಗೆಯಿಂದ ಅವಳ ಕೆನ್ನೆಗೊಂದು ಬೊಟ್ಟಿಟ್ಟೆ, ಅಂಗಾಲಿಗೊಂದು ಇಟ್ಟೆ. ನಿದ್ದೆಯಲ್ಲೇ ಕಾಲು ಝಾಡಿಸಿದಳು.

ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡುಗೆ ಕಟ್ಟೆಗೆ ಹೋದೆ. ಪಾಯಸದ ಪಾತ್ರೆಯ ತಳ ಹಿಡಿದಿತ್ತು. ಬಿಸಿನೀರು ಹಾಕಿ ನೆನೆಯಲು ಬಿಟ್ಟು, ಲೋಟಗಳನ್ನು ಮೊದಲು ತೊಳೆಯತೊಡಗಿದೆ.